ಬಾಗಿಲು ಯಾವ ಕಡೆಗೆ?

ಸಂಡಾಸಿನ ಬಾಗಿಲಿಗೆ ಮೊಳೆ ಹೊಡೆಯುತ್ತಿದ್ದೆ. ಅಜ್ಜಿಯೊಬ್ಬಳು ಬಂದು ಸುತ್ತಿಗೆ ಕಸಿದುಕೊಂಡಳು. ನಾನು ಗವಂಡಿ, ಗಾರೆ ಕೆಲಸದವನು. ಘೋಡಬಂದರ್ ರಸ್ತೆಯ ಮೇಲಿನ ಗುಡ್ಡದಲ್ಲಿರುವ ವಾರ್ಲಿ ಆದಿವಾಸಿಗಳ ಪಾಡಾದಲ್ಲಿ, ಅಂದರೆ ಹಟ್ಟಿಯಲ್ಲಿ, ಸಂಡಾಸು ಕಟ್ಟಿಸುವ ಸಂಸ್ಥೆಯವರು ತೋರಿಸಿದ ಜಾಗದಲ್ಲಿ ಅದನ್ನು ಕಟ್ಟಿದ್ದೆ. ಬಾಗಿಲ ಎದುರಿಗೇ ಅವರ ಹುಲಿದೇವರ ಕಲ್ಲು ಇತ್ತು.

“ನಿನ್ನ ಗಣಪತಿ ಎದುರು ನೀ ಹಿಂಗ ಕುಂಡ್ರತೀಯೇನೋ? ಇದರಾಗ ಯಾರೂ ಹೋಗಂಗಿಲ್ಲ, ಕಟ್ಟಿಗಿ ತುಂಬಿಡ್ತೀವಿ,” ಎಂದು ಮರಾಠಿಯಲ್ಲಿ ಬೈದಳು.

“ಮೊದಲ ಹೇಳಬಾರದೇನ ಆಜಿ?” ಅಂದೆ.

“ಮೊದಲ ನೀವು ಕೇಳಿದ್ರೇನು?”

ಗೋಡೆ ಒಡೆದು ಬಾಗಿಲನ್ನು ಹಿಂದಿನ ಕಡೆಗೆ ಇಟ್ಟೆ. ಆಜಿಯೇ ಇಟ್ಟಿಗೆ ಹೊತ್ತು ಕೊಟ್ಟಳು. ವಾರ ಬಿಟ್ಟು ಹೋದರೆ ಒಳಗಿನಿಂದ ಚಿಲಕ ಹಾಕಿತ್ತು. ಹೊರಗೆ ಆಜಿ ತಂಬಿಗೆ ಹಿಡಿದು ಕಾಯುತ್ತಿದ್ದಳು.

ಈಗ ಎಲ್ಲಿ ಕೆಲಸಕ್ಕೆ ಹೋದರೂ ಅಲ್ಲಿ ಇರುವವರನ್ನೇ ಮೊದಲು ಕೇಳುತ್ತೇನೆ. ಇಷ್ಟೇ, ಹೇಳುವುದು ಇನ್ನೇನೂ ಇಲ್ಲ.