ಹಲ್ಲಿನಿಂದ ಒತ್ತಿದ ಸೀಸ

ಮೊದಲು ಅವಳು ರೊಟ್ಟಿ ಬಿಟ್ಟಳು.

ನನ್ನ ಮಗಳು ಸಾನ್ವಿ ಎರಡನೇ ಇಯತ್ತೆ. ಶಾಲೆಯಿಂದ ಬಂದವಳೇ ಚೀಲ ಮೂಲೆಗೆಸೆದು, ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಲೇ ಹಿತ್ತಲಿಗೆ ಓಡುವ ಹುಡುಗಿ. ಈ ಸಲ ಮಳೆಗಾಲ ಮುಗಿಯುವ ಹೊತ್ತಿಗೆ ತುತ್ತು ಮುರಿದು ತಟ್ಟೆಯಲ್ಲೇ ಇಡತೊಡಗಿದಳು. ಆಮೇಲೆ ಹೊಟ್ಟೆನೋವು. ಹೊಕ್ಕುಳ ಹತ್ತಿರ ಕೈ ಒತ್ತಿಕೊಂಡು ಮುದುಡಿ ಮಲಗುವಳು. ಸ್ವಲ್ಪ ಹೊತ್ತಿಗೆ ಎದ್ದು ಆಡುವಳು, ಮತ್ತೆ ಮುದುಡುವಳು. ಸಂಡಾಸಿನಲ್ಲಿ ಕೂತು ಕೂತು, ಕಣ್ಣಲ್ಲಿ ನೀರು ತುಂಬಿಕೊಂಡು, ಏನೂ ಆಗದೆ ಎದ್ದು ಬರುವಳು.

ಅದೇ ಸಾಲಿನಲ್ಲಿ, ಪಕ್ಕದ ತಟ್ಟೆಯಲ್ಲಿ, ಓಂಕಾರ ಮೂರನೇ ರೊಟ್ಟಿ ಕೇಳುತ್ತಿದ್ದ.

ಓಂಕಾರ ನನ್ನ ನೆಗೆಣ್ಣಿ ಶೋಭಕ್ಕನ ಮಗ. ದಾಂಡೇಲಿಯಲ್ಲಿ ನಾವೆಲ್ಲ ಒಂದೇ ಮನೆ, ಒಂದೇ ಒಲೆ: ಅಣ್ಣತಮ್ಮಂದಿರಿಬ್ಬರು, ನಾವು ನೆಗೆಣ್ಣಿಯರಿಬ್ಬರು, ಈ ಎರಡು ಮಕ್ಕಳು, ಮತ್ತು ಮಿಲ್ಲಿನ ಕೆಲಸದಿಂದ ನಿವೃತ್ತರಾದ ಮಾವ. ಓಂಕಾರನಿಗೆ ಸಾನ್ವಿಗಿಂತ ಒಂದೇ ವರ್ಷ ಹೆಚ್ಚು. ಕೆನ್ನೆ ಹಿಂಡಿದರೆ ಹಾಲು ಬರಬೇಕು, ಹಾಗಿದ್ದ. ಅವನನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಮುಚ್ಚಿಡುವುದೇನಿದೆ? ತಾಯಿಯಾದವಳಿಗೆ ಬೇರೆ ಮಗುವಿನ ಊಟ ಕಂಡು ಉರಿಯಬಾರದು ಎನ್ನುವವರು ನನ್ನ ಜಾಗದಲ್ಲಿ ಒಂದು ವಾರ ಕೂತು ಬಡಿಸಲಿ.

ಶೋಭಕ್ಕ ಕೆಟ್ಟವಳಲ್ಲ. ಆದರೆ ಬಾಯಿಗೆ ಬಿಗಿಯಿಲ್ಲ. ತನ್ನ ಮಗನಿಗೆ ಕಲ್ಲು ಹಾಕಿದರೂ ಕರಗುತ್ತದೆ ಎಂದು ಬಂದವರೆದುರೆಲ್ಲ ಹೇಳುವಳು. ನನ್ನ ಮಗಳ ತಟ್ಟೆ ಎತ್ತುವಾಗ, ಹಾಗೆಯೇ ಉಳಿದ ಅನ್ನ ನೋಡಿ ನಿಟ್ಟುಸಿರು ಬಿಡುವಳು. ಆ ನಿಟ್ಟುಸಿರಿಗಿಂತ ಎರಡೇಟು ಹೊಡೆದಿದ್ದರೆ ವಾಸಿಯಿತ್ತು.

ಊರಿನ ಡಾಕ್ಟರು ಜಂತಿನ ಔಷಧ ಕೊಟ್ಟರು. ಆಮೇಲೆ ಗ್ಯಾಸಿನದು, ಆಮೇಲೆ ಮಲಬದ್ಧತೆಗೆ ಒಂದು ಸಿರಪ್. ಒಂದೊಂದೂ ನಾಲ್ಕು ದಿನ ಉಪಕಾರ ಮಾಡಿದಂತೆ ಮಾಡಿ ಕೈಬಿಟ್ಟಿತು. ಕಡೆಗೆ ನಾನೇ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಘಾಟೇ ಏಳಲಿಲ್ಲ. ಅಷ್ಟು ದೃಷ್ಟಿ ತಾಗಿದೆ ಅಂದುಕೊಂಡೆ. ಯಾರ ದೃಷ್ಟಿ ಎಂದು ಕೇಳಿದ್ದರೆ ಹೆಸರು ಹೇಳಲು ನನಗೆ ತಡವಾಗುತ್ತಿರಲಿಲ್ಲ. ನಮ್ಮ ಪಡಸಾಲೆಯಲ್ಲೇ ಕೂತು ಬಟಾಣಿ ಸುಲಿಯುತ್ತಿದ್ದಳು.

ಒಂದು ಮುಂಜಾನೆ ಸಾನ್ವಿ ಹಸಿರು ಹಸಿರಾಗಿ ವಾಂತಿ ಮಾಡಿದಳು. ಮುಖ ಸುಣ್ಣದ ಗೋಡೆಯಾಗಿತ್ತು. ಯಜಮಾನರು ಗ್ಯಾರೇಜಿಗೆ ರಜೆ ಹೇಳಿ ಗಾಡಿ ತಂದರು. ಹಳಿಯಾಳ ನನ್ನ ತವರು. ಅದನ್ನು ದಾಟುವಾಗ ನನ್ನ ತಾಯಿ, ನಮ್ಮೆಲ್ಲರ ಆಯಿ, ರಸ್ತೆಬದಿಗೆ ಬಂದು ನಿಂತು ಕಿಟಕಿಯಿಂದಲೇ ಮೊಮ್ಮಗಳ ಹಣೆ ಮುಟ್ಟಿದಳು. ಅಲ್ಲಿಂದ ಹುಬ್ಬಳ್ಳಿಯ ದೊಡ್ಡಾಸ್ಪತ್ರೆ.

ಅಪೆಂಡಿಕ್ಸ್ ಇರಬಹುದು, ಆಪರೇಶನ್‌ಗೆ ತಯಾರಾಗಿರಿ ಎಂದರು.

ವಾರ್ಡಿನಲ್ಲಿ ಪಕ್ಕದ ಬೆಡ್ಡಿಗೆ ಮುಂಡಗೋಡದ ಸನವಳ್ಳಿಯವರು ಬಂದಿದ್ದರು. ಅವರ ಹುಡುಗನಿಗೆ ಭೇದಿ. ತಾಯಿ ಗೋಳೋ ಎಂದು ಅಳುತ್ತಿದ್ದಳು. ಸಲೈನ್ ಏರಿಸಿದರು, ಮಾರನೆಯ ದಿನ ಹುಡುಗ ಬಿಸ್ಕೀಟು ಕೇಳಿದ, ಅದರ ಮಾರನೆಯ ದಿನ ಅಪ್ಪನ ಹೆಗಲೇರಿ ಮನೆಗೆ ಹೋದ. ಹೋಗುವಾಗ ಆ ತಾಯಿ ನಮಗೆ ಬಾಳೆಹಣ್ಣು ಕೊಟ್ಟು ದೇವರು ಚಲೋ ಮಾಡ್ತಾನ ಎಂದು ಹರಸಿದಳು. ನಾನು ಹಣ್ಣು ತೆಗೆದುಕೊಂಡೆ, ಅವಳ ಮುಖ ನೋಡಲಿಲ್ಲ. ಮಗನಿಗೆ ಬರೀ ಭೇದಿಯಾಯಿತಲ್ಲ, ಹೆಸರಿರುವ ರೋಗ, ಎಂದು ಅವಳ ಮೇಲೂ ಕರುಬಿದೆ.

ಸ್ಕ್ಯಾನ್‌ನಲ್ಲಿ ಅಪೆಂಡಿಕ್ಸ್ ಸರಿಯಾಗಿತ್ತು. ರಕ್ತ ಮಾತ್ರ ಬಹಳ ಕಡಿಮೆ. ಮಕ್ಕಳ ವಿಭಾಗದ ಡಾಕ್ಟರಮ್ಮ ಹೊಟ್ಟೆಯ ಎಕ್ಸ್-ರೇ ತೆಗೆಸಿದರು. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕರುಳಿನ ಉದ್ದಕ್ಕೂ ಸಣ್ಣ ಬಿಳಿ ಚುಕ್ಕೆಗಳು, ಯಾರೋ ಉಪ್ಪು ಚೆಲ್ಲಿದ ಹಾಗೆ. ಅವರು ನನ್ನನ್ನು ಕೇಳದೆ, ಮಂಚದ ಮೇಲೆ ಕೂತು ಸಾನ್ವಿಯನ್ನೇ ಕೇಳಿದರು.

"ಏನರ ನುಂಗೀಯೇನು ಪುಟ್ಟಿ? ಬಾಯಾಗ ಏನ ಹಾಕ್ಕೋತಿ?"

"ಬಲಿ ಗುಂಡುರೀ," ಎಂದಳು ಸಾನ್ವಿ. ದನಿಯಲ್ಲಿ ಹೆಮ್ಮೆಯೇ ಇತ್ತು. "ನಮ್ಮ ಅಜ್ಜಗ ಹಲ್ಲಿಲ್ಲರೀ. ನಾನ ಕಚ್ಚಿ ಕೊಡ್ತೇನ್ರಿ."

ಬಿಳಿ ಚುಕ್ಕೆಗಳು ಸೀಸ.

ಮಾವನಿಗೆ ಬಲೆಯ ಹುಚ್ಚು. ಮಿಲ್ಲಿನಲ್ಲಿದ್ದಾಗಲೂ ರವಿವಾರ ಕಾಳಿ ನದಿಯಲ್ಲಿ ಬಲೆ ಬೀಸುತ್ತಿದ್ದರು. ನಿವೃತ್ತರಾದ ಮೇಲೆ ಬೀಸುಬಲೆ ಹೆಣೆದು ಕೊಡುವುದೇ ಕೆಲಸ. ಮಳಗಿಯ ಡ್ಯಾಮಿನಲ್ಲಿ ಮೀನು ಹಿಡಿಯುವವರು, ಜೋಯಿಡಾ ಕಡೆಯವರು, ಎಲ್ಲರೂ ಅವರ ಬಲೆಯನ್ನೇ ಕೇಳಿಕೊಂಡು ಬರುವರು. ಬಲೆ ನೀರಿನಲ್ಲಿ ಮುಳುಗಬೇಕಾದರೆ ಅಂಚಿನ ಹಗ್ಗಕ್ಕೆ ಭಾರ ಬೇಕು. ಹಳೆ ಬ್ಯಾಟರಿಯ ಸೀಸವನ್ನು ಹಿತ್ತಲಲ್ಲಿ ಕರಗಿಸಿ, ಸಣ್ಣ ಸಣ್ಣ ತುಂಡು ಮಾಡಿ, ಹಗ್ಗದ ಮೇಲೆ ಮಡಚಿ, ಹಲ್ಲಿನಿಂದ ಕಚ್ಚಿ ಒತ್ತುತ್ತಾರೆ. ಇಕ್ಕಳದಲ್ಲಿ ಒತ್ತಿದರೆ ನೂಲು ತುಂಡಾಗುತ್ತದೆ, ಹಲ್ಲಿಗೆ ಹದ ಗೊತ್ತು ಎಂಬುದು ಅವರ ವಾದ. ಅವರ ಅಪ್ಪ ಹಾಗೆ ಮಾಡಿದ್ದರು, ಅವರೂ ಹಾಗೆಯೇ ಮಾಡಿದ್ದರು. ಮುಂದಿನ ಹಲ್ಲು ಬಿದ್ದ ಮೇಲೆ ಆ ಕೆಲಸ ಸಾನ್ವಿಯ ಪಾಲಿಗೆ ಬಂತು. ಮೊಮ್ಮಗಳ ಹಲ್ಲಿಗೆ ಸರಿಸಮ ಈ ಜಿಲ್ಲೆಯಲ್ಲೇ ಇಲ್ಲ ಎಂದು ಮಾವ ಬಂದ ಗಿರಾಕಿಗಳಿಗೆಲ್ಲ ಹೇಳುವರು. ಆ ಮನೆಯಲ್ಲಿ ನನ್ನ ಮಗಳಿಗೆ ಸಿಕ್ಕ ಒಂದೇ ಬಿರುದು ಅದು. ಅದನ್ನು ಕೇಳಿದಾಗಲೆಲ್ಲ ನಾನು ಶೋಭಕ್ಕನ ಮುಖ ನೋಡಿ ಖುಷಿಪಡುತ್ತಿದ್ದೆ.

ರಕ್ತದಲ್ಲಿನ ಸೀಸದ ರಿಪೋರ್ಟ್ ಬಂದಾಗ ಡಾಕ್ಟರಮ್ಮ ನನ್ನನ್ನು ಕೂರಿಸಿ ಹೇಳಿದರು. ಹೊಟ್ಟೆನೋವು, ಮಲಬದ್ಧತೆ, ರಕ್ತಹೀನತೆ, ಎಲ್ಲದರ ಬೇರು ಇದೇ. ಮೊದಲು ಕರುಳು ತೊಳೆಯಬೇಕು, ಆಮೇಲೆ ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಕ್ಯಾಪ್ಸೂಲ್. ಎಲುಬಿನೊಳಗೆ ಸೇರಿದ್ದು ಮೆಲ್ಲಗೆ ರಕ್ತಕ್ಕೆ ಇಳಿಯುತ್ತಿರುತ್ತದೆ, ಬಹಳ ಕಾಲ ತಪಾಸಣೆ ಬೇಕು. ಓದಿನ ಮೇಲೆ ಪರಿಣಾಮ ಆದೀತೇ ಎಂದು ಕೇಳಿದೆ. ಆಗುವುದಿಲ್ಲ ಎಂದು ಹೇಳಲು ಬರುವುದಿಲ್ಲ, ಕಾದು ನೋಡೋಣ ಎಂದರು. ಕಡೆಗೆ, ಮನೆಯಲ್ಲಿ ಇನ್ನೊಂದು ಮಗು ಇದೆಯೇ, ಇದ್ದರೆ ನಾಳೆಯೇ ಕರೆಸಿ ಎಂದರು.

ಓಂಕಾರ ಬಂದ. ಹೊಸ ಅಂಗಿ ಹಾಕಿಕೊಂಡು, ಕೈಯಲ್ಲಿ ಚಕ್ಕುಲಿ ಹಿಡಿದು. ರಕ್ತ ಕೊಡುವಾಗ ಕಣ್ಣು ಮಿಟುಕಿಸಲಿಲ್ಲ. ಅವರಮ್ಮ ಅದನ್ನೂ ದೊಡ್ಡದು ಮಾಡಿ ನರ್ಸಿಗೆ ಹೇಳಿದಳು. ಇತ್ತ ನನ್ನ ಮಗಳು ಕೊಳೆತ ಮೊಟ್ಟೆಯಂತೆ ನಾರುವ ಕ್ಯಾಪ್ಸೂಲ್ ನುಂಗಲಾರದೆ ಒದ್ದಾಡುತ್ತಿದ್ದಳು. ಕ್ಯಾಪ್ಸೂಲ್ ಬಿಚ್ಚಿ ಆ ರಾಕ್ಷಸ ಔಷಧವನ್ನು ಸಕ್ಕರೆ ನೀರಿನಲ್ಲಿ ಬೆರೆಸುತ್ತ ನಾನು ಮನಸ್ಸಿನಲ್ಲಿ ಬೇಡಿಕೊಂಡೆ. ಅವನಿಗೂ ಇರಲಿ. ಒಂದು ಸ್ವಲ್ಪವಾದರೂ ಇರಲಿ. ನನ್ನ ಮಗಳೊಬ್ಬಳೇ ಯಾಕೆ?

ಇತ್ತು.

ಸಾನ್ವಿಯಷ್ಟಲ್ಲದಿದ್ದರೂ ಮದ್ದು ಬೇಕಾಗುವಷ್ಟಿತ್ತು. ಹೊಟ್ಟೆನೋವಿಲ್ಲ, ವಾಂತಿಯಿಲ್ಲ, ಮೂರು ರೊಟ್ಟಿ ತಿನ್ನುತ್ತಾನೆ, ಹಾಲು ಉಕ್ಕುವ ಕೆನ್ನೆ, ಒಳಗೆ ಅದೇ ವಿಷ. ಬೇಡಿದ್ದು ಸಿಕ್ಕಿತ್ತು.

ಶೋಭಕ್ಕ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ನಿನ್ನ ಮಗಳು ನೋಯ್ತೈತಿ ಅಂತ ಅತ್ಲು, ನಿನಗ ಗೊತ್ತಾತು," ಎಂದಳು. "ನನ್ನ ಮಗ ಅಳಲೇ ಇಲ್ಲಲ್ಲ ಸವಿತಾ. ನನಗ ಹೆಂಗ ಗೊತ್ತಾಗಬೇಕು?"

ನಾನು ಅವಳ ಕೈ ಹಿಡಿದುಕೊಂಡೆ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಹೇಳಿದಳು.

"ನಾನ ಕಳಿಸಿದ್ದೆ ಅವನ್ನ. ಮಾವಾರು ದಿನಾ ನಿನ್ನ ಮಗಳನ್ನಷ್ಟ ಹೊಗಳ್ತಿದ್ರು. ನನಗ ಉರೀತಿತ್ತು. ನೀನೂ ಹೋಗಿ ಕಚ್ಚು, ನಿನಗೇನು ಹಲ್ಲಿಲ್ಲೇನು ಅಂತ ಬೈದು ಬೈದು ಕಳಿಸಿದೆ."

ಎಲ್ಲರ ಮನೆಯ ದೋಸೆಯೂ ತೂತು ಎನ್ನುತ್ತಾರೆ. ಒಂದೇ ಒಲೆಯ ಮೇಲೆ ಬೇಯಿಸಿಕೊಂಡು ತಿಂದರೂ ಅವಳ ತೂತು ನನಗೆ ಕಂಡಿರಲಿಲ್ಲ. ನನ್ನಲ್ಲೂ ಅವಳು ಕರುಬುವಂಥದ್ದು ಏನೋ ಇತ್ತು ಎಂದು ಕೇಳಿ, ಆ ದುಃಖದಲ್ಲೂ ಒಂದು ಕ್ಷಣ ನನಗೆ ಸಂತೋಷವಾಯಿತು. ಆಮೇಲೆ ಇಬ್ಬರೂ ಅತ್ತೆವು. ಓಂಕಾರ ಬಾಗಿಲಲ್ಲಿ ನಿಂತು ಚಕ್ಕುಲಿ ಮುರಿಯುತ್ತ ನಮ್ಮನ್ನು ನೋಡಿದ.

ಹಿತ್ತಲು ಶುದ್ಧವಾಗುವವರೆಗೆ ಮಕ್ಕಳನ್ನು ಮನೆಗೆ ಒಯ್ಯಬೇಡಿ ಎಂದಿದ್ದರು. ಹಾಗಾಗಿ ಇಬ್ಬರು ಮಕ್ಕಳು, ಇಬ್ಬರು ತಾಯಂದಿರು ಹಳಿಯಾಳದಲ್ಲಿ ನಮ್ಮ ಆಯಿಯ ಮನೆಯಲ್ಲಿ ಉಳಿದೆವು. ಆಯಿ ರಾಗಿ, ಸೊಪ್ಪು, ಹಾಲು, ಮೊಸರು ಎಂದು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಮಾಡಿ ಹಾಕಿದಳು. ಮುಂದಿನ ತಪಾಸಣೆಯಲ್ಲಿ ಓಂಕಾರನದು ಚೆನ್ನಾಗಿ ಇಳಿದಿತ್ತು. ಸಾನ್ವಿಯದು ಸ್ವಲ್ಪ ಮಾತ್ರ. ಶೋಭಕ್ಕ ಬಾಯಿ ಮುಚ್ಚಿಕೊಂಡಿದ್ದಳು, ಅದು ಅವಳ ದೊಡ್ಡತನ. ನನಗೆ ಮತ್ತೆ ಹೊಟ್ಟೆಕಿಚ್ಚಾಯಿತು. ಕಾಯಿಲೆ ಬಂದರೆ ಮನುಷ್ಯ ಶುದ್ಧನಾಗುತ್ತಾನೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕೆಲವು ವಾರ ಕಳೆದು ಮಾವ ಬಸ್ಸು ಹತ್ತಿ ಬಂದರು. ಸುದ್ದಿ ತಿಳಿದ ದಿನವೇ ಸೀಸ ಕರಗಿಸುವ ಹಿತ್ತಲ ಒಲೆ ಒಡೆದಿದ್ದರಂತೆ. ಸೀಸವನ್ನೆಲ್ಲ ಬ್ಯಾಟರಿ ಅಂಗಡಿಗೆ ವಾಪಸು ಕೊಟ್ಟು, ಮೇಲ್ಮಣ್ಣು ತೆಗೆಸಿ ಹಿತ್ತಲಿಗೆ ಫರಸಿಕಲ್ಲು ಹಾಕಿಸಿದ್ದಾರೆ. ಇನ್ನು ಬಲೆಗೆ ಕಬ್ಬಿಣದ ಸರಪಳಿ. ತುಕ್ಕು ಹಿಡಿಯುತ್ತದೆ ಎಂದು ಮಳಗಿಯವರು ಗೊಣಗಿದ್ದಾರಂತೆ, ಗೊಣಗಲಿ ಎಂದರು. ಸಾನ್ವಿಯನ್ನು ಮಡಿಲಿಗೆ ಕರೆಯಲು ಅವರಿಗೆ ಧೈರ್ಯವಿರಲಿಲ್ಲ. ಅವಳೇ ಹೋಗಿ ಕೂತು, ಇನ್ನು ನಿಮಗೆ ಯಾರು ಕಚ್ಚಿ ಕೊಡುತ್ತಾರೆ ಎಂದು ಕೇಳಿದಳು.

"ನಿನ್ನ ಹಲ್ಲು ನಿನಗಿರ್ಲಿ ಯವ್ವಾ," ಎಂದರು ಮಾವ. ಟೊಪ್ಪಿಗೆ ತೆಗೆದು ಅದರಲ್ಲೇ ಕಣ್ಣೊರೆಸಿಕೊಂಡರು.

ಮಧ್ಯಾಹ್ನ ಎಲ್ಲರೂ ಸಾಲಾಗಿ ಊಟಕ್ಕೆ ಕೂತೆವು. ಮಾವ ರೊಟ್ಟಿಯನ್ನು ಸಾರಿನಲ್ಲಿ ನೆನೆಸುತ್ತಿದ್ದರು. ಆಯಿ, ಬೀಗರ ಮೊಮ್ಮಗ ಎಂಬ ಮರ್ಯಾದೆಗೆ, ಗಡಿಗೆಯ ಮೇಲಿನ ಕೆನೆಮೊಸರನ್ನು ಓಂಕಾರನ ತಟ್ಟೆಗೆ ಹಾಕಿದಳು. ಸಾನ್ವಿಗೆ ಅದರ ಕೆಳಗಿನದು. ನಾನು ಅಭ್ಯಾಸದಂತೆ ಅವಳ ತಟ್ಟೆ ಎತ್ತಲು ಕೈ ಚಾಚಿದೆ, ಇನ್ನೇನು ಸರಿಸಿಬಿಡುತ್ತಾಳೆ ಎಂದು.

ಅವಳು ತಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಓಂಕಾರನ ತಟ್ಟೆಯನ್ನೇ ದಿಟ್ಟಿಸಿ ನೋಡಿದಳು. ಹುಬ್ಬು ಗಂಟಾಯಿತು.

"ಅವಗ ಯಾಕ ಕೆನಿ ಅಷ್ಟ ಹಾಕಿದಿ ಆಯಿ? ನನಗೂ ಬೇಕು. ಅವಗಿಂತ ಜಾಸ್ತಿ ಬೇಕು."

ಶೋಭಕ್ಕ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಆಮೇಲೆ ಶೋಭಕ್ಕ ತನ್ನ ಮಗನ ತಟ್ಟೆಯಿಂದಲೇ ಕೆನೆ ಎತ್ತಿ ನನ್ನ ಮಗಳ ರೊಟ್ಟಿಯ ಮೇಲೆ ಹಾಕಿದಳು. ಸಾನ್ವಿ ಪೂರಾ ತಿಂದು ಇನ್ನೊಂದು ರೊಟ್ಟಿ ಕೇಳಿದಳು.