ಹಸಿ ಗರಿಯ ಚಪ್ಪರ ಮತ್ತು ಮನೆಯಲ್ಲೇ ಕಲಿತ ನಮಿತಾ

ಕೋವಿಡ್ ಮುಗಿದು ಶಾಲೆಗಳು ತೆರೆದ ವರ್ಷ ನಾನು ಹೊಳೆನರಸೀಪುರ ತಾಲ್ಲೂಕಿನಲ್ಲಿ ಸಿಆರ್‌ಪಿ ಆಗಿದ್ದೆ. ಒಂದಷ್ಟು ಊರುಗಳ ಶಾಲೆಗಳನ್ನು ನೋಡಿಕೊಳ್ಳುವ, ಶಾಲೆಗೆ ಮರಳದ ಮಕ್ಕಳನ್ನು ಹುಡುಕುವ ಕೆಲಸ ಅದು. ಚನ್ನರಾಯಪಟ್ಟಣ ರಸ್ತೆಯ ಒಂದು ಹಳ್ಳಿಯಲ್ಲಿ ಹದಿಮೂರು ವರ್ಷದ ನಮಿತಾ ಮನೆಯಲ್ಲೇ ಕಲಿಯುತ್ತಿದ್ದಳು. ತಾಯಿ ಸವಿತಾ ಹಿಂದೆ ಹಾಸನದಲ್ಲಿ ಗಣಿತ ಕಲಿಸಿದವರು. ತಂದೆ ಕುಮಾರ್ ತೆಂಗಿನ ತೋಟ ಮಾಡುತ್ತಿದ್ದರು.

ಒಂದು ಬೆಳಿಗ್ಗೆ ಮಕ್ಕಳ ಸಹಾಯವಾಣಿಗೆ ಕರೆ ಬಂತು: ಆ ಹುಡುಗಿಗೆ ಮದುವೆ ಮಾಡುತ್ತಿದ್ದಾರೆ, ಮನೆ ಮುಂದೆ ಹಸಿ ತೆಂಗಿನ ಗರಿಯ ಚಪ್ಪರ ಎದ್ದಿದೆ. ನಮ್ಮ ಕಡೆ ನೆರಳಿಗೆ ಒಣ ಗರಿಯೇ ಸಾಕು. ಹಸಿ ಗರಿ ಕಟ್ಟಿದರೆ ಶುಭಕಾರ್ಯ ಎಂದೇ ಲೆಕ್ಕ. ನಾನೂ ನಂಬಿದೆ. ಮಕ್ಕಳ ರಕ್ಷಣಾ ಅಧಿಕಾರಿ ಮತ್ತು ಒಬ್ಬ ಪೇದೆಯ ಜೊತೆ ಹೊರಟೆ. ಅನುಮಾನ ಉಳಿದರೂ ಸಾಕು, ಹುಡುಗಿಯನ್ನು ಅಂದೇ ಬಾಲಮಂದಿರಕ್ಕೆ ಕರೆದೊಯ್ಯುವುದೆಂದು ಅಧಿಕಾರಿ ದಾರಿಯಲ್ಲೇ ಹೇಳಿದ್ದರು.

ಅಲ್ಲಿ ಅರ್ಧ ಊರು ಸೇರಿತ್ತು. ಪಕ್ಕದ ಮನೆಯ ರಂಗಪ್ಪ ಕೂಗಾಡುತ್ತಿದ್ದ: “ಇಸ್ಕೂಲಿಗ್ ಕಳಿಸ್ದೆ ಮನೇಲ್ ಮಡೀಕಂಡಿದ್ದು ಇದಕ್ಕೇಯ ಕಣ್ಲಾ! ಗಂಡು ಯಾವೂರ್ದು?”

ತೋಟದಿಂದ ಓಡಿಬಂದ ಕುಮಾರ್ ಕೈಯಲ್ಲಿ ಮಚ್ಚಿತ್ತು. “ನನ್ ಮಗಳ್ ಸುದ್ದಿ ಎತ್ತುದ್ರೆ ಕತ್ತರ್ಸಾಕ್ಬುಡ್ತೀನಿ!” ಪೇದೆ ಲಾಠಿ ಎತ್ತಿದ. ನಡುವೆ ನಾನಿದ್ದೆ. ಅಲಗಿಗೆ ಅಂಟಿದ್ದ ಎಳನೀರಿನ ಬಿಳಿ ನಾರು ಇಂದಿಗೂ ಕಣ್ಣ ಮುಂದೆ ಬರುತ್ತದೆ. ಅಂಗಡಿಯಲ್ಲಿ ಯಾರಾದರೂ ಎಳನೀರು ಕೆತ್ತುವಾಗ ನಾನು ಆಚೆ ತಿರುಗಿ ನಿಲ್ಲುತ್ತೇನೆ.

“ರೀ, ಮಚ್ಚು ತಂದಿದ್ದೀರಲ್ಲ, ಎಳ್ನೀರ್ ಕೆತ್ತಿ. ಬಂದೋರ್ಗೆ ಬಾಯಾರಿರ್ತದೆ” ಎಂದರು ಸವಿತಾ, ಬಾಗಿಲಿನಿಂದಲೇ. ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕುಮಾರ್ ಕೈ ಇಳಿಯಿತು.

ನಾನು ನಮಿತಾಳನ್ನು ಒಳಗೆ ಕರೆದು ಒಬ್ಬಳನ್ನೇ ಕೇಳಿದೆ. “ಮದ್ವೆನಾ? ಗರಿ ಒಣಗ್ತಾ ಒಣಗ್ತಾ ನೆರಳು ಎಷ್ಟ್ ಕಮ್ಮಿ ಆಯ್ತದೆ ಅಂತ ಅಳೀತಿದೀನಿ ಮೇಡಂ. ಗರಿ ಕೊಟ್ಟಿದ್ದೇ ರಂಗಪ್ಪ ಮಾವ!”

ಹೊರಗೆ ಬಂದು ರಂಗಪ್ಪನನ್ನು ಕೇಳಿದೆ. ಅವನು ದನಿ ತಗ್ಗಿಸಿದ. “ಮದ್ವೆಗೇನೋ ಅಂತ ಕೊಟ್ಟೆ ಕಣವ್ವಾ. ಚಪ್ಪರಕ್ಕೆ ಗರಿ ಕೊಟ್ಟೋನ್ನೇ ಕರೀನಿಲ್ವಲ್ಲಾ ಅಂತ ಸಿಟ್ ಬಂದ್ಬುಡ್ತು, ಫೋನ್ ಮಾಡ್ಬುಟ್ಟೆ.”

ಅಧಿಕಾರಿ ಅಕ್ಕಪಕ್ಕದ ಮನೆಗಳಲ್ಲೂ ವಿಚಾರಿಸಿ, ಮದುವೆಯ ಸುಳಿವಿಲ್ಲವೆಂದು ಖಚಿತವಾದ ಮೇಲೆ ಹುಡುಗಿಯನ್ನು ಮನೆಯಲ್ಲೇ ಬಿಟ್ಟರು. ಆಗ ಕುಮಾರ್ ಕೇಳಿದರು: “ಮನೇಲ್ ಓದ್ಸೋದು ಅಪರಾಧನಾ ಮೇಡಂ? ನಾಳೆ ಮತ್ತೆ ಬತ್ತೀರಾ?”

ಅನೇಕ ಪೋಷಕರ ಪ್ರಶ್ನೆ ಇದೇ. ನನಗೆ ತಿಳಿದಷ್ಟನ್ನು ಹೇಳಿದೆ. ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆ. ಸೇರಿಸದವರಿಗೆ ಅದರಲ್ಲಿ ಶಿಕ್ಷೆ ಇಲ್ಲ. ಮನೆಪಾಠವನ್ನು ಅದು ನಿಷೇಧಿಸಿಲ್ಲ, ಒಪ್ಪಿಯೂ ಇಲ್ಲ. ಮನಸ್ಸು ಬದಲಾದರೆ ವಯಸ್ಸಿಗೆ ತಕ್ಕ ತರಗತಿಗೆ ಸೇರಬಹುದು, ಟಿಸಿ ಇಲ್ಲವೆಂದು ಸರ್ಕಾರಿ ಶಾಲೆ ಬಾಗಿಲು ಹಾಕುವಂತಿಲ್ಲ. ಹತ್ತನೇ ತರಗತಿಯ ಪರೀಕ್ಷೆಯನ್ನು ಖಾಸಗಿ ಅಭ್ಯರ್ಥಿಯಾಗಿ ಅಥವಾ ಮುಕ್ತ ಶಾಲೆಯ ಮೂಲಕ ಬರೆಯಬಹುದು.

ಮುಂದೆ ನಮಿತಾ ಮನೆಯಲ್ಲೇ ಓದಿ, ಹತ್ತನೇ ತರಗತಿಯ ಪರೀಕ್ಷೆಯನ್ನು ಹಾಗೆಯೇ ಬರೆದು ಪಾಸಾದಳು. ಮಗುವಿಗೆ ಮನೆಯಲ್ಲೇ ಕಲಿಸುವವರಿಗೆ ನಾನು ಮೊದಲು ಹೇಳುವುದು ಕಾನೂನನ್ನಲ್ಲ: ಮಗು ಏನು ಕಲಿಯುತ್ತಿದೆ ಎಂದು ಪಕ್ಕದ ಮನೆಯವರಿಗೆ ಗೊತ್ತಿರಲಿ. ಇಲಾಖೆಯವರಿಗೂ ಒಂದು ಮಾತು: ಪೇದೆಯನ್ನು ಅಂಗಳಕ್ಕೆ ಕರೆತರುವ ಮುಂಚೆ ಆ ಮಗುವಿನ ಜೊತೆ ಮಾತಾಡಿ. ನಾವು ಹಾಗೆ ಮಾಡಿದ್ದರೆ ಆ ದಿನ ಯಾರ ಕೈಯೂ ಮೇಲೇಳುತ್ತಿರಲಿಲ್ಲ.