ಹೊಳೆಯ ಬಲದಂಡೆಯ ಹೆಸರು

ಆಬ್ನರ್ ಪೆಲ್ಟನ್ ಅಮೆರಿಕದ ವರ್ಮಾಂಟಿನ ದಾರಿಗಳನ್ನೆಲ್ಲ ಒಂದು ಗಾಲಿ ಉರುಳಿಸಿಕೊಂಡೇ ಅಳೆದವನು. ನಕ್ಷೆ ಮಾಡಿ, ಅಚ್ಚು ಹಾಕಿಸಿ, ಮನೆಮನೆಗೆ ಮಾರುವುದೇ ಅವನ ಕಸುಬು. ಹುಚ್ಚ ಎಂದು ನಕ್ಕವರ ಬಾಗಿಲನ್ನೂ ತಟ್ಟುತ್ತಿದ್ದ, ಏಕೆಂದರೆ ನಮ್ಮ ನಕ್ಷೆಯಲ್ಲಿ ಪ್ರತಿ ಮನೆಯ ಪಕ್ಕ ಅದನ್ನು ನಡೆಸುವವರ ಹೆಸರಿರಬೇಕು. ಆ ಹೆಸರುಗಳನ್ನು ಅಚ್ಚಿನ ಕಲ್ಲಿನ ಮೇಲೆ ಬರೆಯುತ್ತಿದ್ದವನು ನಾನು. ಕಲ್ಲಿನ ಮೇಲೆ ಎಲ್ಲವೂ ಉಲ್ಟಾ, ಅಕ್ಷರವೂ ಎಡಬಲವೂ.

ಹಾರ್ಲೋ ಕೌಂಟಿಯ ನಕ್ಷೆ ಕೊಳ್ಳಲು ಅರವತ್ತು ರೈತರನ್ನು ಒಪ್ಪಿಸಿದ್ದವನು ಲೆಮ್ಯುಯೆಲ್ ಬ್ಯಾರೋಸ್. ಹೊಳೆಯ ಎಡಕ್ಕೆ ಅವನ ಮನೆ, ಬಲಕ್ಕೆ ವಿಧವೆ ಅತ್ತಿಗೆ ಹಲ್ಡಾಳದು.

“ಅತ್ತಿಗೆ ಮನೆಗೂ ನನ್ನ ಹೆಸರೇ ಹಾಕ್ರಿ. ಇಲ್ಲಾಂದ್ರೆ ಒಬ್ಬನೂ ನಕ್ಷೆ ಮುಟ್ಟೋದಿಲ್ಲ, ನೋಡ್ತಾ ಇರಿ!” ಎಂದ.

ಆ ನಕ್ಷೆ ಬಿಕರಿಯಾಗದಿದ್ದರೆ ನಮ್ಮ ಅಂಗಡಿಯೇ ಮುಚ್ಚುತ್ತಿತ್ತು. ಆಬ್ನರ್ ಮಾತ್ರ ಜಗ್ಗಲಿಲ್ಲ.

“ಮೂರು ಸಲ ಆ ದಾರೀಲಿ ಹೋದೆ ಕಣಯ್ಯ. ಮೂರು ಸಲವೂ ಉಳ್ತಾ ಇದ್ದದ್ದು ಆಯಮ್ಮ. ಇವನೆಲ್ಲಿ ಸತ್ತಿದ್ದ? ಬರಿ, ಮಿಸೆಸ್ ಎಚ್. ಬ್ಯಾರೋಸ್ ಅಂತ!”

ಬರೆದೆ. ಲೆಮ್ಯುಯೆಲ್ ಖುದ್ದು ನೋಡಲು ಬಂದ. ಕಲ್ಲಿನ ಮೇಲೆ ಹೊಳೆಯ ಬಲಕ್ಕೆ ಬೆರಳಿಟ್ಟು, “ಇಲ್ಲೇನು ಬರ್ದಿದೀಯ?” ಎಂದ.

“ಎಲ್. ಬ್ಯಾರೋಸ್,” ಎಂದೆ. ನಿಜವನ್ನೇ ಹೇಳಿದೆ, ಅವನು ಬೆರಳಿಟ್ಟಿದ್ದು ಅವನ ಮನೆಯ ಮೇಲೆಯೇ. ಮೀಸೆ ತಿರುವುತ್ತ ಹೋದ. ಕೇಳದಿದ್ದದ್ದನ್ನೂ ಹೇಳಲು ನನಗೇನು ತಲೆ ಕೆಟ್ಟಿತ್ತೇ?

ಊರಿನ ಸಭಾಭವನದಲ್ಲಿ ಅಚ್ಚಾದ ನಕ್ಷೆ ಬಿಚ್ಚಿ ತೂಗುಹಾಕಿದೆವು. ಜನ ನುಗ್ಗಿ ತಮ್ಮತಮ್ಮ ಮನೆ ಹುಡುಕತೊಡಗಿದರು. ಹೊಳೆಯ ಬಲಕ್ಕೆ ಅತ್ತಿಗೆಯ ಹೆಸರು ಕಂಡು ಲೆಮ್ಯುಯೆಲ್ ಕಿರುಚಿದ, “ಮೋಸ! ಆ ಮನೆ ಮೇಲೆ ನನ್ನ ಹೆಸರು ಕಣ್ಣಾರೆ ನೋಡಿದ್ದೆ!”

“ಕಲ್ಲಿನ ಮೇಲೆ ಬಲ ಅಂದ್ರೆ ಎಡ, ಸ್ವಾಮಿ. ನೀವು ನೋಡಿದ್ದು ನಿಮ್ಮ ಮನೇನೇ!” ಎಂದೆ. ಸಭೆಯೆಲ್ಲ ಗೊಳ್ಳೆಂದು ನಕ್ಕಿತು.

“ಯಾರೂ ಕೊಳ್ಳಬೇಡಿ, ನಡೀರಿ ಎಲ್ಲಾ!” ಎಂದು ಅವನು ಬಾಗಿಲಿಗೆ ಹೋದ. ಮುದುಕ ಕಮ್ಮಾರ ಏಸಾ ಟ್ವಿಚೆಲ್ ನಕ್ಷೆಯಿಂದ ಕಣ್ಣೇ ತೆಗೆಯಲಿಲ್ಲ.

“ನೀನು ನಡಿ, ಲೆಮ್. ನಕ್ಷೇಲಿ ನನ್ನ ಕುಲುಮೆ ಸರಿಯಾದ ತಿರುವಿನಲ್ಲೇ ಇದೆ. ಆಯಮ್ಮನ ಹೊಲ ಆಯಮ್ಮಂದೇ ಅಂತ ಊರಿಗೆಲ್ಲ ಗೊತ್ತು. ಪೆಲ್ಟನ್, ನಂಗೊಂದು ಕೊಡಯ್ಯ!”

ಅಲ್ಲಿಗೆ ಮುಗಿಯಿತು. ಲೆಮ್ಯುಯೆಲ್ ಒಬ್ಬನೇ ಹೊರಬಿದ್ದ. ಒಳಗೆ ಜನ ಸಾಲುಗಟ್ಟಿದರು. ಅಬ್ಬಾ, ಆಬ್ನರನ ಆ ಹೊತ್ತಿನ ಮುಖ ನೋಡಬೇಕಿತ್ತು!

ಹಲ್ಡಾ ಕೊನೆಗೆ ಬಂದಳು. ತನ್ನ ಹೆಸರಿನ ಮೇಲೆ ಬೆರಳಿಟ್ಟಳು.

“ನನ್ನ ಹೆಸರು ಬರೆಯೋದು ಗೋರಿಕಲ್ಲಿನ ಮೇಲೆ ಮಾತ್ರ ಅಂದ್ಕೊಂಡಿದ್ದೆ,” ಎಂದಳು. ಆಬ್ನರ್ ಕಣ್ಣೊರೆಸಿಕೊಂಡ.

“ನಿಮಗೊಂದು ಕೊಡಲೇನಮ್ಮಾ?”

“ಎರಡು ಕೊಡಿ. ಒಂದು ನನ್ನ ಗೋಡೆಗೆ, ಇನ್ನೊಂದು ನಮ್ಮ ಮೈದುನನ ಗೋಡೆಗೆ.”